ಸೋಮವಾರ ಬೇಡ, ಮಂಗಳವಾರವೂ ಬೇಡ

“ಅಕ್ಕಾ, ಮಂಗಳವಾರ ಮುಂಜಾನೆ ಮೈಸೂರಾಗ ಇಳೀತೀವಿ. ಅವತ್ತ ಝೂ, ಅರಮನಿ, ಮ್ಯೂಸಿಯಂ. ಮಧ್ಯಾಹ್ನ ಚಾಮುಂಡಿ ಬೆಟ್ಟ, ಸಂಜಿಗೆ ಬೃಂದಾವನ. ಬುಧವಾರ ಊಟಿ.”

ದೀಪಾವಳಿ ಮುಗಿದ ವಾರ ಹುಬ್ಬಳ್ಳಿಯಿಂದ ಚಿಗವ್ವನ ಮಗ ಫೋನಿನಲ್ಲಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಜೊತೆಗೆ ಬರುವವರು ಅವನ ಹೆಂಡತಿ, ನಾಲ್ಕನೇ ಇಯತ್ತೆ ಓದುವ ಮಗಳು, ಇನ್ನೂ ಐದು ತುಂಬದ ಮಗ, ಮತ್ತೆ ಎಪ್ಪತ್ತು ದಾಟಿದ ಚಿಗವ್ವ. ಚಿಗವ್ವನಿಗೆ ಮೊಣಕಾಲು ನೋವು. ಸಣ್ಣವನಿಗೆ ಮಧ್ಯಾಹ್ನ ಒಂದು ನಿದ್ದೆ ಆಗದಿದ್ದರೆ ಸಂಜೆಯೆಲ್ಲ ಅಳು.

“ಮಂಗಳವಾರ ಝೂ ಬಂದ್ ಇರ್ತದಪಾ” ಅಂದೆ.

“ಹಂಗಾರ ಸೋಮವಾರ ಬರ್ತೀವಿ ತಗೋ.”

ಸೋಮವಾರ ಮೃಗಾಲಯ ತೆರೆದಿರುತ್ತದೆ, ಮ್ಯೂಸಿಯಂ ಮುಚ್ಚಿರುತ್ತದೆ. ಮೈಸೂರಿಗೆ ಮಕ್ಕಳನ್ನು ಕರೆದುಕೊಂಡು ಬರುವವರು ಮೊದಲು ತಿಳಿಯಬೇಕಾದದ್ದು ಇದೇ. ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ಕಾರಂಜಿ ಕೆರೆ ಉದ್ಯಾನಕ್ಕೂ ಅದೇ ದಿನ. ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಸೋಮವಾರ. ಮೂರನ್ನೂ ಒಂದೇ ದಿನ ನೋಡಬೇಕೆಂದರೆ ಉಳಿಯುವುದು ಬುಧವಾರದಿಂದ ಭಾನುವಾರದವರೆಗಿನ ಐದು ದಿನ. ಅದರಲ್ಲೂ ಶನಿವಾರ, ಭಾನುವಾರ ಜನ ಜಾಸ್ತಿ. ದಸರೆಯ ದಿನಗಳಲ್ಲಂತೂ ಸಾವಿರಾರು ಜನ ಒಟ್ಟಿಗೆ ನಡೆಯುವಾಗ ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಮಕ್ಕಳಿಗೆ ಒಂದು ದಿನ ಶಾಲೆ ತಪ್ಪಿದರೂ ಚಿಂತೆಯಿಲ್ಲ, ಗುರುವಾರವೋ ಶುಕ್ರವಾರವೋ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತಮ್ಮನಿಗೂ ಹಾಗೇ ಹೇಳಿದೆ.

ಊಟಿ ಬಿಡಿಸಲು ಇನ್ನೂ ಹತ್ತು ನಿಮಿಷ ಹಿಡಿಯಿತು. ಅರಮನೆಯನ್ನು ಮರುದಿನಕ್ಕೆ ಇಟ್ಟೆವು. ಬೆಟ್ಟ, ಬೃಂದಾವನ ಈ ಸಲ ಬೇಡ ಎಂದಾಯಿತು. ಒಂದು ದಿನವಿಡೀ ಮೃಗಾಲಯ, ಮ್ಯೂಸಿಯಂ, ಕೆರೆ, ಅಷ್ಟೇ. “ಅಷ್ಟ ಸಾಕೇನ?” ಅಂತ ಅವನಿಗೆ ಅನುಮಾನ. ಇಷ್ಟು ದೂರ ಬಂದಮೇಲೆ ನೋಡದೆ ಬಿಟ್ಟದ್ದೇ ಮನಸ್ಸನ್ನು ಕೊರೆಯುತ್ತದೆ ಎಂಬ ಅವನ ಸಂಕಟ ನನಗೆ ಅರ್ಥವಾಗುತ್ತದೆ. ಟಿಕೆಟ್ಟಿಗೆ, ರೈಲಿಗೆ, ಲಾಡ್ಜಿಗೆ ದುಡ್ಡು ಹಾಕಿದ ಮಧ್ಯಮ ವರ್ಗದ ಮನೆಯ ಲೆಕ್ಕ ಅದು. ಆದರೆ ಮಗುವಿನ ಲೆಕ್ಕ ಬೇರೆ. ಅದಕ್ಕೆ ಒಂದು ದಿನಕ್ಕೆ ಹಿಡಿಸುವುದು ಮೂರೋ ನಾಲ್ಕೋ ಸಂಗತಿ. ಅದಕ್ಕಿಂತ ಹೆಚ್ಚು ತುಂಬಲು ಹೋದರೆ ಮೊದಲು ನೋಡಿದ್ದೂ ಚೆಲ್ಲಿಹೋಗುತ್ತದೆ.

ವಾರದ ರಜೆಯ ಬಗ್ಗೆ ಒಂದು ಮಾತು. ಅದು ಸಿಬ್ಬಂದಿಗೆ ಕೊಟ್ಟ ಬಿಡುವು ಮಾತ್ರ ಅಲ್ಲ. ಸಾವಿರಾರು ಕಣ್ಣು, ಸಾವಿರಾರು ಗಂಟಲು ವಾರಪೂರ್ತಿ ಎದುರಿಗಿದ್ದ ಪ್ರಾಣಿಗೆ ಒಂದು ದಿನದ ನಿಶ್ಶಬ್ದ ಬೇಕು. ಆವರಣ ತೊಳೆಯುವುದು, ಮರದ ಕೊಂಬೆ ಸವರುವುದು, ಬೇಲಿ ರಿಪೇರಿ ಇವೆಲ್ಲ ಜನ ಇಲ್ಲದ ದಿನವೇ ಸಲೀಸು. ನಮ್ಮ ದೇಶದ ಅನೇಕ ಮೃಗಾಲಯಗಳಲ್ಲಿ ಹುಲಿ, ಸಿಂಹ, ಚಿರತೆಗಳಿಗೆ ವಾರಕ್ಕೊಮ್ಮೆ ಉಪವಾಸವೂ ಇರುತ್ತದೆ. ಕಾಡಿನಲ್ಲಿ ಅವು ದಿನಾ ಉಣ್ಣುವುದಿಲ್ಲ, ಬೇಟೆ ಸಿಕ್ಕ ದಿನ ಉಣ್ಣುತ್ತವೆ. ದಿನವೂ ಕೂತಲ್ಲಿಗೇ ಮಾಂಸ ಬಂದರೆ ಮೈಯಲ್ಲಿ ಕೊಬ್ಬು ಕಟ್ಟುತ್ತದೆ. ಇದನ್ನು ಮಗುವಿಗೆ ಹೇಳಿದರೆ ಮುಚ್ಚಿದ ಬಾಗಿಲಿನ ಮೇಲೆ ಸಿಟ್ಟು ಬರುವುದಿಲ್ಲ. “ಹುಲಿಗೂ ಅಜ್ಜಿಯಂಗ ಒಪ್ಪತ್ತು ಐತಿ” ಎಂದು ನಮ್ಮ ಸಣ್ಣವನು ಆಮೇಲೆ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಇನ್ನೊಂದು, ರಜೆಯ ದಿನ ಅಲ್ಲದಿದ್ದರೂ ಹೊರಡುವ ಮುಂಚೆ ಮೃಗಾಲಯದ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ. 2017ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣ ಒಂದು ತಿಂಗಳು ಬಾಗಿಲು ಹಾಕಿತ್ತು. ಟಿಕೆಟ್ ಕೂಡ ಅಲ್ಲೇ ಮೊದಲೇ ತೆಗೆದಿಟ್ಟುಕೊಂಡರೆ ಕ್ಯೂ ತಪ್ಪುತ್ತದೆ.

ಒಂದೇ ದಿನಕ್ಕೆ ಮೈಸೂರನ್ನೇ ಏಕೆ ಹೇಳುತ್ತೇನೆ ಎಂದರೆ, ಇಲ್ಲಿ ಮೂರೂ ಒಂದಕ್ಕೊಂದು ಒತ್ತಿಕೊಂಡಿವೆ. ಇಟ್ಟಿಗೆಗೂಡಿನಲ್ಲಿ ಮೃಗಾಲಯ. ಅದರ ಪಕ್ಕಕ್ಕೆ ಚಾಮುಂಡಿ ಬೆಟ್ಟದ ಕಡೆಗೆ ಮೈ ಚಾಚಿದ ಕಾರಂಜಿ ಕೆರೆ. ಅದರ ಇನ್ನೊಂದು ದಂಡೆಗೆ, ಸಿದ್ಧಾರ್ಥನಗರದ ಕಡೆಯಿಂದ ದಾರಿ ಇರುವಂತೆ, ಮ್ಯೂಸಿಯಂ. ಬಾಗಿಲುಗಳು ಬೇರೆ ಬೇರೆ, ಆಟೋದಲ್ಲಿ ಒಂದು ಸುತ್ತು ಹಾಕಬೇಕು. ಆದರೂ ಮಗು ಸೀಟಿನಲ್ಲಿ ತೂಕಡಿಸುವಷ್ಟರಲ್ಲಿ ತಲುಪಿಯಾಗಿರುತ್ತದೆ. ಊರಿನ ಈ ತುದಿಯಿಂದ ಆ ತುದಿಗೆ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆಯುವ ಗೋಳು ಇಲ್ಲ.

ಮೃಗಾಲಯವನ್ನು ಹತ್ತನೇ ಚಾಮರಾಜೇಂದ್ರ ಒಡೆಯರ್ 1892ರಲ್ಲಿ ತಮ್ಮ ಬೇಸಿಗೆ ಅರಮನೆಯ ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಶುರು ಮಾಡಿಸಿದರು. ಎರಡೇ ವರ್ಷದಲ್ಲಿ ಅವರು ತೀರಿಕೊಂಡರು. ಆಗ ಅದು ಅರಮನೆ ಮೃಗಾಲಯ. ಈಗಿನ ಹೆಸರು ಬಂದದ್ದು 1909ರಲ್ಲಿ. ಮೊದಲ ಸೂಪರಿಂಟೆಂಡೆಂಟ್ ಎ.ಸಿ. ಹ್ಯೂಸ್ 1924ರವರೆಗೆ, 32 ವರ್ಷ ಅದನ್ನು ನೋಡಿಕೊಂಡರು. ತೋಟದ ವಿನ್ಯಾಸದಲ್ಲಿ ಜಿ.ಎಚ್. ಕ್ರುಂಬಿಗಲ್ ಅವರ ಕೈ ಇದೆ. ಲಾಲ್‌ಬಾಗನ್ನು ಬೆಳೆಸಿದ, ಬೃಂದಾವನಕ್ಕೂ ದುಡಿದ ಅದೇ ಜರ್ಮನ್ ತೋಟಗಾರ. ಪ್ರಾಣಿಯನ್ನು ಸರಳಿನ ಪಂಜರದಲ್ಲಿ ಕೂಡಿಹಾಕಿ ತೋರಿಸುತ್ತಿದ್ದ ಕಾಲದಲ್ಲೇ ಇಲ್ಲಿ ವಿಶಾಲವಾದ ಆವರಣಗಳನ್ನು ಕಟ್ಟಿದರು. ಅವುಗಳಲ್ಲಿ ಕೆಲವು ಇವತ್ತಿಗೂ ಬಳಕೆಯಲ್ಲಿವೆ. ನಡುವೆ ಕಂದಕ, ಆಚೆ ಪ್ರಾಣಿ, ಈಚೆ ನಾವು. ನಿಮ್ಮ ಮಗು ಸರಳಿನ ಸಂದಿಯಿಂದಲ್ಲದೆ ಬಯಲಿನಲ್ಲಿ ಹುಲಿಯನ್ನು ನೋಡುತ್ತಿದ್ದರೆ, ನೂರು ವರ್ಷದ ಹಿಂದೆ ಯಾರೋ ಹಾಗೆ ಯೋಚಿಸಿದ್ದರು. ಮೃಗಾಲಯ 1972ರಲ್ಲಿ ಅರಣ್ಯ ಇಲಾಖೆಗೆ ಬಂತು, 1979ರಲ್ಲಿ ಅದಕ್ಕೆಂದೇ ಕರ್ನಾಟಕ ಮೃಗಾಲಯ ಪ್ರಾಧಿಕಾರ ಹುಟ್ಟಿತು.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರಬೇಕು. ಇದರಲ್ಲಿ ರಾಜಿ ಬೇಡ. ಬಿಸಿಲೇರಿದ ಮೇಲೆ ಹುಲಿ, ಸಿಂಹ ನೆರಳು ಹುಡುಕಿ ಮಲಗಿಬಿಡುತ್ತವೆ. ಸಿಂಹ ದಿನದ ಬಹುಪಾಲನ್ನು ನಿದ್ದೆಯಲ್ಲೇ ಕಳೆಯುವ ಪ್ರಾಣಿ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ “ಎದ್ದೇಳು” ಎಂದು ಕೂಗುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ತಪ್ಪು ಹೊತ್ತಿಗೆ ಬಂದದ್ದು ನಾವು. ಬೆಳಗಿನ ತಂಪಿನಲ್ಲಿ ಗಿಬ್ಬನ್‌ಗಳು ಕೂಗುತ್ತವೆ, ಹಕ್ಕಿಗಳು ಗದ್ದಲ ಹಾಕುತ್ತವೆ, ಆನೆಗೆ ಸ್ನಾನ, ಮೇವು ನಡೆಯುತ್ತಿರುತ್ತದೆ. ಪ್ರಾಣಿಪಾಲಕರೂ ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತಾರೆ. ಅವರನ್ನು ನಮಸ್ಕಾರ ಹೇಳಿ ಮಾತಾಡಿಸಿದರೆ, ಕೈಕೆಲಸದ ನಡುವೆಯೂ ಒಂದೆರಡು ಮಾತು ಹೇಳುತ್ತಾರೆ. ಯಾವ ಫಲಕದಲ್ಲೂ ಬರೆಯದ ಮಾತು ಅದು.

ಸಾಮಾನು ಕಡಿಮೆ ಇರಲಿ. ಒಳಗೆ ಪ್ಲಾಸ್ಟಿಕ್ ನಿಷೇಧ. ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಆದ್ದರಿಂದ ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಕೊಳ್ಳುವುದೇ ವಾಸಿ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣ ಬೇಡ. ಬುತ್ತಿ ತಂದಿದ್ದರೆ ಗಾಡಿಯಲ್ಲೇ ಬಿಟ್ಟು ಹೋಗಿ. ಮಕ್ಕಳಿಗೆ ಹೊಸ ಚಪ್ಪಲಿ ಬೇಡವೇ ಬೇಡ. ಬಣ್ಣದ ಫ್ರಾಕಿಗೆ ಒಪ್ಪುವ ಹೊಸ ಚಪ್ಪಲಿ ಹಾಕಿಸಿಕೊಂಡು ಬಂದು, ಹತ್ತು ಗಂಟೆಗೆ ಹಿಮ್ಮಡಿ ಸುಲಿದು ಅಳುವ ಎಷ್ಟು ಮಕ್ಕಳನ್ನು ನೋಡಿದ್ದೇನೋ. ಟೋಪಿ ಇರಲಿ. ಒಂದು ಸಣ್ಣ ನೋಟುಪುಸ್ತಕ, ಪೆನ್ಸಿಲ್ ಇರಲಿ. ಹಿರಿಯರಿಗೆ ಬ್ಯಾಟರಿ ವಾಹನ ಸಿಗುತ್ತದೆ. ರಜೆದಿನಗಳಲ್ಲಿ ಅದಕ್ಕೂ ಕ್ಯೂ, ಹಾಗಾಗಿ ಒಳಗೆ ಹೋದ ಕೂಡಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಚಿಗವ್ವ ಮಾತ್ರ “ನಾ ನಡೀತೀನಿ, ಅಲ್ಲಲ್ಲಿ ಕೂಡ್ತೀನಿ” ಅಂದಳು. ಅವಳು ಕೂತಲ್ಲೆಲ್ಲ ನಾವೂ ಕೂತೆವು. ಆ ದಿನ ಚೆನ್ನಾಗಿ ನಡೆದದ್ದಕ್ಕೆ ಅವಳ ಮೊಣಕಾಲೇ ಕಾರಣ ಅಂತ ಈಗ ಅನ್ನಿಸುತ್ತದೆ.

ಏಕೆಂದರೆ ಮೃಗಾಲಯದ ಹಾದಿ ಉದ್ದ. ಒಂದೇ ಕಡೆಗೆ ಸಾಗುವ ಜನರ ಹರಿವಿನಲ್ಲಿ ಸೇರಿಕೊಂಡರೆ ಅದು ನಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಜಿರಾಫೆ, ಮುಂದೆ. ಝೀಬ್ರಾ, ಮುಂದೆ. ನೀರಾನೆ, ಮುಂದೆ. ಫೋಟೋ ತೆಗೆದುಕೊಂಡಾಯಿತು, ಮುಂದೆ. ಮೂರು ತಾಸಿನ ಕೊನೆಗೆ “ಏನೇನು ನೋಡಿದೆ?” ಎಂದರೆ ಮಗು “ಐಸ್‌ಕ್ರೀಮ್” ಎನ್ನುತ್ತದೆ. ನಾನು ಹೇಳುವುದಿಷ್ಟು: ಹಿಂದಿನ ರಾತ್ರಿ ಮನೆಯಲ್ಲೇ ಪ್ರತಿಯೊಂದು ಮಗುವೂ ತನ್ನ ಎರಡು ಪ್ರಾಣಿ ಆರಿಸಲಿ. ಹಿರಿಯರೂ ಒಂದೊಂದು ಆರಿಸಲಿ. ಅವುಗಳ ಮುಂದೆ ಹದಿನೈದು ನಿಮಿಷ ನಿಲ್ಲುವುದು ಖಾತ್ರಿ. ಉಳಿದದ್ದು ದಾರಿಯಲ್ಲಿ ಕಂಡಷ್ಟು.

ಮಗಳು ಗೊರಿಲ್ಲಾ ಮತ್ತು ಜಿರಾಫೆ ಅಂದಳು. ಸಣ್ಣವನು ಹುಲಿ ಅಂದ, ಆಮೇಲೆ ಇನ್ನೊಂದು ಹುಲಿ ಅಂದ. ಚಿಗವ್ವ ಯೋಚಿಸಿ, “ತ್ವಾಳ ಅದಾವೇನ ಅಲ್ಲಿ?” ಅಂದಳು.

ಹುಲಿಗಿಂತ ಮೊದಲು ಸಣ್ಣವನನ್ನು ನಿಲ್ಲಿಸಿದ್ದು ಕೃಷ್ಣಮೃಗ. ಸುರುಳಿ ಸುತ್ತಿದ ಕೊಂಬಿನ, ಬೆನ್ನು ಕಪ್ಪು, ಹೊಟ್ಟೆ ಬಿಳುಪಿನ ಗಂಡು ಒಂದು ಬೇಲಿಯ ಹತ್ತಿರವೇ ನಿಂತಿತ್ತು. “ಇದು ಚಿಗರಿ” ಅಂದಳು ಚಿಗವ್ವ. ಹುಡುಗ ಒಪ್ಪಲಿಲ್ಲ. “ಚಿಗರಿ ಅಂದ್ರ ಬಸ್ಸು.” ಹುಬ್ಬಳ್ಳಿ–ಧಾರವಾಡದ ನಡುವೆ ಅದರದೇ ದಾರಿಯಲ್ಲಿ ಓಡುವ ಬಸ್ಸಿಗೆ ಚಿಗರಿ ಎಂದು ಹೆಸರು. ಅವನು ಹುಟ್ಟಿದಂದಿನಿಂದ ಕಂಡ ಚಿಗರಿ ಅದೊಂದೇ. ಬಸ್ಸಿಗೆ ಆ ಹೆಸರು ಬಂದದ್ದು ಈ ಪ್ರಾಣಿಯಿಂದ, ಇದು ಓಟದಲ್ಲಿ ಬಲು ಚುರುಕು, ರಾಣೆಬೆನ್ನೂರಿನ ಕಡೆ ಇದಕ್ಕಾಗಿಯೇ ಅಭಯಾರಣ್ಯ ಇದೆ ಎಂದೆಲ್ಲ ಅವನಪ್ಪ ಬಿಡಿಸಿ ಹೇಳಿದ. ಹುಡುಗ ಬಹಳ ಹೊತ್ತು ಅದನ್ನೇ ನೋಡಿದ. ಕಿವಿ ಅಲ್ಲಾಡುವುದನ್ನು, ನೊಣ ಕೂತಲ್ಲಿ ಚರ್ಮ ಮಾತ್ರ ಕಂಪಿಸುವುದನ್ನು. ಅಷ್ಟರಲ್ಲಿ ಅಕ್ಕ ಕೇಳಿದಳು, “ಇದರ ಕೊಂಬು ಬಿದ್ದು ಮತ್ತ ಬರ್ತದೇನು?” ಒಳ್ಳೆಯ ಪ್ರಶ್ನೆ. ಜಿಂಕೆ, ಕಡವೆಗಳ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ನಮ್ಮ ದನ, ಆಡಿನ ಕೊಂಬಿನ ಹಾಗೆ, ಒಳಗೆ ಮೂಳೆ, ಮೇಲೆ ಕವಚ, ಉದುರುವುದಿಲ್ಲ. ನೋಟುಪುಸ್ತಕದಲ್ಲಿ ಎರಡೂ ಕೊಂಬಿನ ಚಿತ್ರ ಬಿದ್ದವು.

ಹೆಸರಿನ ವಿಷಯ ಬಂತು ಎಂದೇ ಹೇಳುತ್ತಿದ್ದೇನೆ. ಮಕ್ಕಳಿಗೆ ಫಲಕದ ಇಂಗ್ಲಿಷ್ ಹೆಸರಿನ ಜೊತೆಗೆ ಮನೆಯ ಹೆಸರೂ ದೊರೆಯಲಿ. ಕತ್ತೆಕಿರುಬ, ಸಿಂಗಳೀಕ, ಕಾಟಿ, ಹೆಜ್ಜಾರ್ಲೆ, ಕಾಳಿಂಗ. ದಕ್ಷಿಣ ಆಫ್ರಿಕಾದಿಂದ 2020ರಲ್ಲಿ ಇಲ್ಲಿಗೆ ಬಂದ ಚೀತಾಗಳ ಮುಂದೆ ಎಲ್ಲರೂ ಚಿರತೆ, ಚಿರತೆ ಎನ್ನುತ್ತಿದ್ದರು. ಚಿರತೆ ಬೇರೆ, ಚೀತಾ ಬೇರೆ. ಚೀತಾದ ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆ ಇರುತ್ತದೆ. ಮೈಮೇಲಿನದು ಒತ್ತಿ ಇಟ್ಟ ಚುಕ್ಕೆ, ಚಿರತೆಯದು ಹೂವಿನಂಥ ಉಂಗುರ. ಇವು ಬೇರೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಹಳಗಾಲದಲ್ಲಿ ಸಿವಂಗಿ ಎಂಬ ಬೇರೆಯೇ ಹೆಸರಿತ್ತು. ಪ್ರಾಣಿ ಈ ನೆಲದಿಂದ ಅಳಿಯಿತು, ಹೆಸರೂ ಬಾಯಿಂದ ಅಳಿಯಿತು.

ತೋಳದ ಮುಂದೆ ಚಿಗವ್ವ ಕಟ್ಟೆಯ ಮೇಲೆ ಕೂತಳು. ತುಂಬ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಪೊದೆಯ ಹಿಂದಿನಿಂದ ಒಂದು ಬಂತು. ಬೂದಿಬಣ್ಣ, ತೆಳ್ಳನೆ ಕಾಲು, ತಗ್ಗಿಸಿದ ತಲೆ. ಬೇಲಿಯ ಉದ್ದಕ್ಕೂ ಹಗುರವಾಗಿ ಓಡಿ, ನಿಂತು, ನಮ್ಮ ಕಡೆ ನೋಡಿ, ಮತ್ತೆ ಓಡಿತು. “ಇಷ್ಟ ಸಣ್ಣದಾ?” ಅಂದಳು ಚಿಗವ್ವ. ಅವಳ ತವರು ಗದಗಿನ ಕಡೆಯ ಹಳ್ಳಿ. ಸಣ್ಣವಳಿದ್ದಾಗ ಒಂದು ರಾತ್ರಿ ತೋಳ ಕುರಿಹಟ್ಟಿಗೆ ನುಗ್ಗಿ ಎರಡು ಮರಿ ಎತ್ತಿಕೊಂಡು ಹೋಗಿತ್ತಂತೆ. ನಾಯಿಗಳ ಬೊಗಳು, ಗಂಡಸರ ಕೂಗು, ಕಂದೀಲಿನ ಬೆಳಕು ಓಡಾಡಿದ್ದು, ಅವ್ವ ಅವಳ ಮೇಲೆ ಕಂಬಳಿ ಎಳೆದು ಒತ್ತಿ ಹಿಡಿದದ್ದು. ಮುಂಜಾನೆ ಹಟ್ಟಿಯ ಮುಳ್ಳಿಗೆ ಉಣ್ಣೆ ಸಿಕ್ಕಿಕೊಂಡಿತ್ತು. “ಅರವತ್ತ ವರ್ಷ ಆತು, ಕತ್ತೆಯಷ್ಟ ದೊಡ್ಡದ ಅಂದ್ಕೊಂಡಿದ್ದೆ. ಪಾಪ, ಬಡಕಲ ನಾಯಿಯಂಗ ಐತಲ್ಲ.” ನಮ್ಮ ಬಯಲುಸೀಮೆಯ ತೋಳ ತೂಗುವುದು 20 ಕೆ.ಜಿ. ಆಸುಪಾಸು. ಮಕ್ಕಳಿಬ್ಬರೂ ತೋಳವನ್ನು ಬಿಟ್ಟು ಅಜ್ಜಿಯ ಮುಖ ನೋಡುತ್ತಿದ್ದರು. ಹುಲಿಯನ್ನು ಯಾವ ಪರದೆಯ ಮೇಲಾದರೂ ತೋರಿಸಬಹುದು. ಈ ಕಥೆ ಮಾತ್ರ ಈ ಬೇಲಿಯ ಮುಂದೆ, ಈ ಅಜ್ಜಿ ಕೂತಾಗಷ್ಟೇ ಹೊರಬರುವುದು. ಆದ್ದರಿಂದಲೇ ಹೇಳುತ್ತೇನೆ, ಮೊಣಕಾಲು ನೋಯುತ್ತದೆ ಎಂದು ಹಿರಿಯರನ್ನು ಲಾಡ್ಜಿನಲ್ಲಿ ಬಿಟ್ಟು ಹೋಗಬೇಡಿ.

ಮಗಳ ಗೊರಿಲ್ಲಾ ಎಲೆ ಜಗಿಯುತ್ತಾ ಕೂತಿತ್ತು. 1995ರಲ್ಲಿ ಡಬ್ಲಿನ್ನಿನಿಂದ ಬಂದ ಪೋಲೋ ಎಂಬ ಗೊರಿಲ್ಲಾವನ್ನು ನನ್ನ ವಯಸ್ಸಿನ ಮೈಸೂರಿನವರೆಲ್ಲ ಬಲ್ಲರು. ಅನೇಕ ವರ್ಷ ಜೊತೆಯಿಲ್ಲದೆ ಒಂಟಿಯಾಗಿಯೇ ಇದ್ದ, 2014ರಲ್ಲಿ ತೀರಿಕೊಂಡ. ಆ ಒಂಟಿತನ ನೋಡುವವರಿಗೂ ಭಾರವಾಗಿತ್ತು. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾ ಬಂದವು, ಥಾಬೋ ಮತ್ತು ದೆಂಬಾ. ಒಂದಕ್ಕೊಂದು ಜೊತೆ. “ಹೆಣ್ಣು ಯಾಕಿಲ್ಲ?” ಎಂದಳು ಹುಡುಗಿ. ಗೊರಿಲ್ಲಾ ಸಂಸಾರದಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಗಂಡಿನ ಸುತ್ತ ಹಲವು ಹೆಣ್ಣು, ಮರಿ ಇರುತ್ತವೆ. ಮಿಕ್ಕ ಗಂಡುಗಳು ಕಾಡಿನಲ್ಲೂ ಬೇರೆ ಹೋಗುತ್ತವೆ. ಮೃಗಾಲಯಗಳಲ್ಲಿ ಹಾಗೆ ಉಳಿದ ಗಂಡುಗಳನ್ನು ಒಟ್ಟಿಗೆ ಇಡುವ ಪದ್ಧತಿ ಇದೆ. ಇಷ್ಟು ಹೇಳಿದೆ. “ಮನಿ ನೆನಪ ಆಗ್ತದೇನು ಅವಕ್ಕ?” ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇಂಥ ಪ್ರಶ್ನೆಯನ್ನು ಮಗು ಕೇಳಿದಾಗ ಬಾಯಿ ಮುಚ್ಚಿಸಬಾರದು. ಪ್ರಾಣಿಯನ್ನು ಕಟ್ಟಿ ನೋಡುವುದು ಸರಿಯೇ ಎಂಬ ದೊಡ್ಡ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಕೂರ್ಗಳ್ಳಿಯಲ್ಲಿ ಇದೇ ಮೃಗಾಲಯದ ಪುನರ್ವಸತಿ ಕೇಂದ್ರವಿದೆ, ಗಾಯಗೊಂಡ, ಊರಿಗೆ ಬಂದು ಸೆರೆಯಾದ ಹುಲಿ, ಚಿರತೆಗಳು ಅಲ್ಲಿವೆ, ಅಲ್ಲಿಗೆ ನೋಡುಗರನ್ನು ಬಿಡುವುದಿಲ್ಲ ಎಂದು ಹೇಳಿದೆ. ಅವಳಿಗೆ ಅದು ಹಿಡಿಸಿತು.

ಕೆಣಕುವುದು, ತಿನ್ನಲು ಎಸೆಯುವುದು, ಗದ್ದಲ ಹಾಕುವುದು, ಕಸ ಬಿಸಾಡುವುದು ಇವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮೇ ತಡೆಯುತ್ತದೆ. ಮಕ್ಕಳಿಗೆ ಕಾನೂನು ಬೇಕಿಲ್ಲ. “ನೀನು ಉಣ್ಣುವಾಗ ಯಾರಾದರೂ ತಟ್ಟೆಗೆ ಕಲ್ಲು ಹಾಕಿದರೆ?” ಎಂದರೆ ಸಾಕು. ಬೇಕಿರುವುದು ದೊಡ್ಡವರಿಗೆ.

ಹನ್ನೊಂದೂವರೆಗೆ ಹೊರಗೆ ಬಂದೆವು. ಮುಕ್ಕಾಲು ಮೃಗಾಲಯ ನೋಡಿರಲಿಲ್ಲ, ಹಾವಿನ ಮನೆಗೆ ಕಾಲೇ ಇಟ್ಟಿರಲಿಲ್ಲ. ತಮ್ಮ ಒಮ್ಮೆ ಹಿಂದಿರುಗಿ ನೋಡಿದ, ಏನೂ ಹೇಳಲಿಲ್ಲ. ಮನೆಗೆ ಹೋಗಿ ಚಿತ್ರಾನ್ನ, ಮೊಸರನ್ನ ಉಂಡು ಎಲ್ಲರೂ ಮಲಗಿದರು. ಲಾಡ್ಜಿನಲ್ಲಿ ಇಳಿದವರೂ ಇದನ್ನೇ ಮಾಡಲಿ. ಮಧ್ಯಾಹ್ನದ ಎರಡು ತಾಸು ಸುಮ್ಮನೆ ಹೋಯಿತು ಎಂದುಕೊಳ್ಳಬಾರದು. ಸಂಜೆಯ ನಗು ಆ ನಿದ್ದೆಯಲ್ಲಿದೆ.

ಮ್ಯೂಸಿಯಂ ಮಧ್ಯಾಹ್ನದ ಮೇಲೆ ಎಂದು ನಾನು ಹಟ ಹಿಡಿಯುವುದಕ್ಕೆ ಬಿಸಿಲು ಒಂದೇ ಕಾರಣವಲ್ಲ. ಮೃಗಾಲಯದಲ್ಲಿ ಕಣ್ಣಿಗೆ ಮಾತ್ರ ಕೆಲಸ. ಮುಟ್ಟಬಾರದು, ಹತ್ತಿರ ಹೋಗಬಾರದು, ಕೂಗಬಾರದು. ಬೆಳಗಿನಿಂದ ಬೇಡ ಬೇಡ ಎಂದು ಕೇಳಿದ ಕೈಗೆ ಮ್ಯೂಸಿಯಮ್ಮಿನಲ್ಲಿ ಬಿಡುಗಡೆ. ಬೆಳಿಗ್ಗೆ ಹುಟ್ಟಿದ ಪ್ರಶ್ನೆಗಳೂ ಆಗ ಇನ್ನೂ ಬಿಸಿಯಾಗಿರುತ್ತವೆ. ಮೊದಲು ಮ್ಯೂಸಿಯಂ ನೋಡಿದರೆ ಅದು ಪಾಠವಾಗುತ್ತದೆ. ಆಮೇಲೆ ನೋಡಿದರೆ ಹುಡುಕಾಟವಾಗುತ್ತದೆ.

ಈ ಸಂಗ್ರಹಾಲಯ ತೆರೆದದ್ದು 1995ರ ಮೇ 20ರಂದು. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದ ಮೊದಲ ಪ್ರಾದೇಶಿಕ ಶಾಖೆ ಇದು, ಕೇಂದ್ರ ಪರಿಸರ ಸಚಿವಾಲಯಕ್ಕೆ ಸೇರಿದ್ದು. ತಾಯಿ ಸಂಸ್ಥೆ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾಯಿತು. ದಶಕಗಳಿಂದ ಕೂಡಿಟ್ಟ ಮಾದರಿಗಳು ಒಂದೇ ರಾತ್ರಿಯಲ್ಲಿ ಸುಟ್ಟುಹೋದವು. ಅದನ್ನು ನೆನೆದಾಗಲೆಲ್ಲ ಕಾರಂಜಿ ದಂಡೆಯ ಈ ಕಟ್ಟಡದ ಮೇಲೆ ನನಗೆ ಇನ್ನಷ್ಟು ಮಮತೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ. ಊರಿಗೆ ಬಂದವರಲ್ಲಿ ಬಹಳ ಜನರಿಗೆ ಇದು ಇದೆ ಎಂದೇ ಗೊತ್ತಿಲ್ಲ, ಹಾಗಾಗಿ ಗದ್ದಲ ಕಡಿಮೆ.

ಮಕ್ಕಳಿಗಾಗಿಯೇ ಒಂದು ಮ್ಯೂಸಿಯಂ ಎಂಬ ಯೋಚನೆ ತೀರ ಹಳೆಯದಲ್ಲ. ಜಗತ್ತಿನಲ್ಲೇ ಮೊದಲನೆಯದು ಅಮೆರಿಕದ ಬ್ರೂಕ್ಲಿನ್‌ನಲ್ಲಿ 1899ರಲ್ಲಿ ತೆರೆಯಿತು, ನಮ್ಮ ಮೃಗಾಲಯಕ್ಕಿಂತ ಏಳು ವರ್ಷ ಚಿಕ್ಕದು. ಅಲ್ಲಿಯವರೆಗೆ ಮ್ಯೂಸಿಯಂ ಎಂದರೆ ಗಾಜು, ಬೀಗ, ಮುಟ್ಟಬೇಡಿ ಎಂಬ ಫಲಕ. ಮಗು ಕೈಯಿಂದ ಯೋಚಿಸುತ್ತದೆ ಎಂಬುದನ್ನು ಒಪ್ಪಿಕೊಂಡು ಕಟ್ಟಿದ ಜಾಗಗಳು ಆಮೇಲೆ ಬಂದವು. ಮೈಸೂರಿನದು ಇಡಿಯಾಗಿ ಮಕ್ಕಳ ಮ್ಯೂಸಿಯಂ ಅಲ್ಲ. ಜೀವವೈವಿಧ್ಯ, ಜೀವವಿಕಾಸ, ಪರಿಸರ ಎಂದು ದೊಡ್ಡವರಿಗೂ ಸಲ್ಲುವ ವಿಭಾಗಗಳಿವೆ. ಆದರೆ ಅದರ ಒಡಲಲ್ಲಿ ಮಕ್ಕಳಿಗೆಂದೇ ಒಂದು ಡಿಸ್ಕವರಿ ಕೋಣೆ ಇದೆ. ನೋಡಿ, ಮುಟ್ಟಿ, ಹೋಲಿಸಿ ತಿಳಿಯುವ ಜಾಗ. ಸಮಯ ಕಡಿಮೆ ಇದ್ದರೆ ಮಿಕ್ಕ ವಿಭಾಗಗಳನ್ನು ಬೇಗ ದಾಟಿ, ಇಲ್ಲಿ ಕೂತುಬಿಡಿ.

ನಮ್ಮ ಸಣ್ಣವನಿಗೆ ಒಂದು ಚಿಪ್ಪು ಕೈಗೆ ಬಂತು. ಮೊದಲು ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಅಪ್ಪನ ಮುಖ ನೋಡಿದ, ಬೈಯುತ್ತಾನೋ ಏನೋ ಎಂದು. ಬೈಯಲಿಲ್ಲ. ಆಮೇಲೆ ಅಂಗೈಯಲ್ಲಿಟ್ಟು ತೂಗಿದ, ಕೆನ್ನೆಗೆ ಒತ್ತಿದ. “ತಣ್ಣಗ ಐತಿ.” ಒಳಗಿನ ನುಣುಪಿನಲ್ಲಿ ಬೆರಳು ಆಡಿಸಿ, ಹೊರಗಿನ ಒರಟಿನಲ್ಲಿ ಆಡಿಸಿ, ಮತ್ತೆ ಒಳಗೆ. “ಕಣ್ಣು ಮುಚ್ಚು, ಈಗ ಹೇಳು, ಯಾವ ಕಡೆ?” ಎಂದೆ. ಸರಿಯಾಗಿ ಹೇಳಿದ. ಅಷ್ಟೇ, ಆಟ ಶುರುವಾಯಿತು. ಅಕ್ಕನ ಕಣ್ಣು ಮುಚ್ಚಿಸಿದ, ಅವ್ವನ ಕಣ್ಣು ಮುಚ್ಚಿಸಿದ, ಕೊನೆಗೆ ಅಜ್ಜಿಯ ಕಣ್ಣು. ಚಿಗವ್ವ ಕಣ್ಣು ಮುಚ್ಚಿ ಚಿಪ್ಪಿನ ಮೇಲೆ ಬೆರಳಾಡಿಸುತ್ತಾ, “ಇದರಾಗ ಹುಳ ಇದ್ದಾಗ ಇದ ಅದರ ಮನಿ” ಅಂದಳು. ಒಳಗೇಕೆ ನುಣುಪು ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಮೆತ್ತನೆಯ ಮೈಗೆ ಒರಟು ತಾಗಬಾರದಲ್ಲ, ಜೀವ ತನ್ನ ಮೈಯಿಂದಲೇ ಸುಣ್ಣ ಒಸರಿಸಿ ಪದರ ಪದರವಾಗಿ ಒಳಗೋಡೆ ಕಟ್ಟಿಕೊಳ್ಳುತ್ತದೆ ಎಂದು ಹೇಳುವಷ್ಟರಲ್ಲಿ ಹುಡುಗ ಮೂಳೆಯ ಕಡೆಗೆ ಹೋಗಿದ್ದ.

ಮಗಳದು ಬೇರೆ ದಾರಿ. ಬೆಳಿಗ್ಗೆ ಜಿರಾಫೆ ನಾಲಿಗೆ ಚಾಚಿ ಎಲೆ ಸೆಳೆದುಕೊಳ್ಳುವುದನ್ನು ನೋಡಿದ್ದಳು, ಮೊಳದುದ್ದದ ಕಪ್ಪು ನಾಲಿಗೆ. ಅದರ ಕತ್ತಿನಲ್ಲಿ ಎಷ್ಟು ಮೂಳೆ ಇರಬಹುದು ಎಂದು ಪಂದ್ಯ ಕಟ್ಟಿದ್ದೆವು. ಅವಳು ಐವತ್ತು ಅಂದಿದ್ದಳು, ಅವಳಪ್ಪ ಮೂವತ್ತು. ಮ್ಯೂಸಿಯಮ್ಮಿನಲ್ಲಿ ಬೆನ್ನೆಲುಬಿನ ವಿಷಯ ಬಂದಾಗ ಉತ್ತರ ಹೇಳಿದೆ: ಏಳು. ಅವಳ ಕತ್ತಿನಲ್ಲೂ ಏಳೇ. ಜಿರಾಫೆಯ ಒಂದೊಂದು ಮೂಳೆ ಗೇಣಿಗಿಂತ ಉದ್ದ, ಲೆಕ್ಕ ಮಾತ್ರ ಒಂದೇ. ಹುಡುಗಿ ತನ್ನ ಕತ್ತಿನ ಹಿಂದೆ ಕೈ ಹಾಕಿ ಎಣಿಸತೊಡಗಿದಳು. ನಾಲ್ಕರ ಮೇಲೆ ಸಿಗಲಿಲ್ಲ. ತಮ್ಮನ ಕತ್ತಿನಲ್ಲಿ ಹುಡುಕಿದಳು, ಕಚಗುಳಿಯಾಗಿ ಅವನು ಓಡಿದ.

ಅಲ್ಲಿ ಒಂದು ತಾಸು ಇಪ್ಪತ್ತು ನಿಮಿಷ ಆಯಿತು. ಅದಕ್ಕಿಂತ ಹೆಚ್ಚು ಬೇಡ.

ನಾಲ್ಕು ಗಂಟೆಗೆ ಕಾರಂಜಿ. ಐದೂವರೆಗೆ ಮುಚ್ಚುತ್ತಾರೆ, ಒಂದು ತಾಸು ಸಾಕು. ಮೃಗಾಲಯ, ಕೆರೆ ಎರಡಕ್ಕೂ ಸೇರಿದ ಟಿಕೆಟ್ ಕೂಡ ಇದೆ. ಒಳಗೆ ನಡೆದುಕೊಂಡೇ ಹೋಗುವಂಥ ದೊಡ್ಡ ಹಕ್ಕಿಮನೆ ಇದೆ, 60 ಮೀಟರ್ ಉದ್ದ, 40 ಮೀಟರ್ ಅಗಲ. ಚಿಟ್ಟೆ ಉದ್ಯಾನ, ದೋಣಿ ಇವೆ. ನಾವು ಯಾವುದಕ್ಕೂ ಹೋಗದೆ ದಂಡೆಯ ಬೆಂಚಿನಲ್ಲಿ ಕೂತೆವು. ನಡುಗಡ್ಡೆಯ ಮರಗಳಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಹೆಜ್ಜಾರ್ಲೆ ನೀರಿಗೆ ಇಳಿಯುವಾಗ ಕಾಲು ಮುಂದಕ್ಕೆ ಚಾಚಿ ಜಾರುತ್ತದೆ, ನೀರು ಎರಡು ಗೆರೆಯಾಗಿ ಸೀಳುತ್ತದೆ. ಇವಕ್ಕೆ ಬೇಲಿ ಇಲ್ಲ, ಬೇಕೆಂದಾಗ ಎದ್ದು ಹೋಗುತ್ತವೆ ಎಂದು ಮಗಳಿಗೆ ಹೇಳಬೇಕಾಗಲಿಲ್ಲ. ತಾನೇ ಕೇಳಿದಳು, “ಇವನ್ನ ಯಾರು ಕರಕೊಂಡ ಬಂದ್ರು?” ಯಾರೂ ಇಲ್ಲ ಎಂದಾಗ ನೋಟುಪುಸ್ತಕ ತೆಗೆದಳು.

ಮರುದಿನ ಅರಮನೆ ನೋಡಿದರು. ಹೊತ್ತು ಇದ್ದುದರಿಂದ ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಮ್ಮಿಗೂ ಹೋದರು. 1979ರಲ್ಲಿ ಆದ ಅದು ಸಣ್ಣ ಮಕ್ಕಳಿಗೆ ಬಲು ಹಿಡಿಸುವ ಜಾಗ, ಹಳೆಯ ಉಗಿಬಂಡಿಗಳು, 1899ರ ಮಹಾರಾಣಿ ಸಲೂನು, ಆಟದ ರೈಲು. ಸಂಜೆಯ ಹೊತ್ತಿಗೆ ಊರಿನ ರೈಲು ಹತ್ತಿಸಿ ಬಂದೆ.

ಹದಿನೈದು ದಿನ ಬಿಟ್ಟು ತಮ್ಮ ಫೋನು ಮಾಡಿದ. ಮನೆಯ ಪಡಸಾಲೆಯಲ್ಲಿ ಬೂಟಿನ ಡಬ್ಬಿಯೊಂದು ಕೂತಿದೆಯಂತೆ. ಒಳಗೆ ಕಾಗೆಯ ಗರಿ, ಕೋಳಿಮೊಟ್ಟೆಯ ಚಿಪ್ಪು, ಹುಣಸೆ ಬೀಜ, ಉಣಕಲ್ ಕೆರೆಯ ದಂಡೆಯಲ್ಲಿ ಸಿಕ್ಕ ಬಸವನಹುಳದ ಚಿಪ್ಪು. ಯಾರೇ ಮನೆಗೆ ಬಂದರೂ ಸಣ್ಣವನು ಅವರ ಕಣ್ಣು ಮುಚ್ಚಿಸಿ ಕೈಗೆ ಒಂದೊಂದು ಇಡುತ್ತಾನಂತೆ. ತಪ್ಪು ಹೇಳಿದವರಿಗೆ ಚಹಾ ತಡ. ಚಿಗವ್ವನೂ ತನ್ನದೊಂದು ಹಾಕಿದ್ದಾಳೆ. ತವರಿನಿಂದ ತಂದ ಹಳೆಯ ಕರಿಕಂಬಳಿಯ ಅಂಚಿನಿಂದ ಒಂದು ಎಳೆ ಉಣ್ಣೆ. ಬಂದವರು ಅದನ್ನು ಮುಟ್ಟಿ “ಕುರಿ” ಎಂದರೆ, ಹುಡುಗ ತಲೆ ಅಲ್ಲಾಡಿಸಿ ಹೇಳುತ್ತಾನಂತೆ, “ಅಲ್ಲ. ತ್ವಾಳ ಬಂದಿತ್ತಲ್ಲ, ಅವತ್ತಿನ ರಾತ್ರಿದು.”